ಒಂದೇ ತಿಂಗಳಲ್ಲಿ ಎರಡು ದಂಗೆ: ಒಂದಕ್ಕೆ ಮಾತುಕತೆ, ಇನ್ನೊಂದಕ್ಕೆ ಗುಂಡು

ಪ್ರಶ್ನೆ: ಅಮೆರಿಕದ ಸ್ವಾತಂತ್ರ್ಯ ಯುದ್ಧದ ಬಗ್ಗೆ ಓದುತ್ತಿದ್ದೇನೆ. 1781ರ ಜನವರಿ ಮೊದಲ ದಿನ ಪೆನ್ಸಿಲ್ವೇನಿಯಾದ ಸೈನಿಕರು ದಂಗೆ ಎದ್ದಾಗ ಅವರೊಡನೆ ಮಾತುಕತೆ ನಡೆಸಿ ಕೇಳಿದ್ದರಲ್ಲಿ ಬಹುಪಾಲು ಕೊಟ್ಟರು. ಮೂರು ವಾರ ಕಳೆಯುವಷ್ಟರಲ್ಲಿ ನ್ಯೂಜೆರ್ಸಿಯ ಸೈನಿಕರು ಅಂಥದೇ ಕಾರಣಕ್ಕೆ ಎದ್ದಾಗ ಇಬ್ಬರನ್ನು ಗುಂಡಿಕ್ಕಿ ಕೊಂದರು. ಇದು ಯಾವ ನೀತಿ? ಹೊಟ್ಟೆಗಿಲ್ಲದ, ಕಾಲಿಗೆ ಜೋಡಿಲ್ಲದ, ಸಂಬಳ ಕಾಣದ ಸೈನ್ಯವನ್ನು ಅಷ್ಟು ವರ್ಷ ಹಿಡಿದಿಟ್ಟದ್ದು ದೇಶಪ್ರೇಮವೋ, ಭಯವೋ?

ಉತ್ತರ: ನಿಮ್ಮ ಕೊನೆಯ ವಾಕ್ಯವನ್ನು ಸದ್ಯಕ್ಕೆ ಪಕ್ಕಕ್ಕಿಡೋಣ. ದೇಶಪ್ರೇಮವೋ ಭಯವೋ ಎಂದರೆ ಎರಡೂ ಇತ್ತು ಎಂದು ಹೇಳಿ ಕೈತೊಳೆದುಕೊಳ್ಳಬಹುದು, ಅದರಿಂದ ನಿಮಗೆ ಏನೂ ದಕ್ಕುವುದಿಲ್ಲ. ಈ ಸೈನಿಕರು ಯಾವಾಗ ಗೊಣಗಿದರು, ಯಾವಾಗ ಬಂದೂಕು ಹಿಡಿದು ಹೊರಟರು ಎಂದು ತಾರೀಕು ಹಿಡಿದು ನೋಡಿದರೆ ಬೇರೆಯೇ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ. ಹಸಿವಾದಾಗ ಅವರು ಕೂಗಾಡಿದರು, ಸುತ್ತಲ ಹೊಲ ತೋಟಗಳಲ್ಲಿ ಕದ್ದರು, ಎಷ್ಟೋ ಜನ ರಾತ್ರೋರಾತ್ರಿ ಮನೆಯ ದಾರಿ ಹಿಡಿದರು. ಆದರೆ ಸಾರ್ಜೆಂಟುಗಳ ಸಮಿತಿ ಮಾಡಿಕೊಂಡು, ಫಿರಂಗಿ ಎಳೆದುಕೊಂಡು, ಶಿಸ್ತಾಗಿ ಸಾಲು ಕಟ್ಟಿ ಸರ್ಕಾರದ ಕಡೆಗೆ ನಡೆದದ್ದು ಹಸಿವಿಗಲ್ಲ, ಕರಾರಿನ ವಿಷಯಕ್ಕೆ. ತನಗೆ ಮೋಸವಾಗಿದೆ ಎಂದು ಅನ್ನಿಸಿದ ದಿನ ಸೈನಿಕ ಬೇರೆ ಮನುಷ್ಯನಾಗುತ್ತಾನೆ. ಈ ವ್ಯತ್ಯಾಸವನ್ನು ಆ ಸೈನ್ಯದ ಸೇನಾಪತಿ ಜಾರ್ಜ್ ವಾಷಿಂಗ್ಟನ್ ನಿಧಾನವಾಗಿ, ಪೆಟ್ಟು ತಿಂದು ಕಲಿತ. ನಿಮ್ಮ ಪ್ರಶ್ನೆಯಲ್ಲಿರುವ ಎರಡು ದಂಗೆಗಳಿಗೆ ಅವನು ಕೊಟ್ಟ ಎರಡು ಉತ್ತರಗಳ ಬೇರು ಅಲ್ಲಿದೆ.

ಮೊದಲು ಹಸಿವಿನ ಮಾತು. 1777ರ ಡಿಸೆಂಬರ್ 19ರಂದು ಸುಮಾರು ಹನ್ನೆರಡು ಸಾವಿರ ಜನರ ಸೈನ್ಯ ಪೆನ್ಸಿಲ್ವೇನಿಯಾದ ವ್ಯಾಲಿ ಫೋರ್ಜ್‌ಗೆ ಚಳಿಗಾಲ ಕಳೆಯಲು ಬಂತು. ನಾಲ್ಕು ದಿನ ಕಳೆಯುವಷ್ಟರಲ್ಲಿ ವಾಷಿಂಗ್ಟನ್ ರಾಜ್ಯಗಳ ಪ್ರತಿನಿಧಿಗಳ ಸಭೆಯಾದ ಕಾಂಗ್ರೆಸ್ಸಿನ ಅಧ್ಯಕ್ಷ ಹೆನ್ರಿ ಲಾರೆನ್ಸ್‌ಗೆ ಕಾಗದ ಬರೆದ: ಏನಾದರೂ ದೊಡ್ಡ ಬದಲಾವಣೆ ಆಗದಿದ್ದರೆ ಈ ಸೈನ್ಯ ಉಪವಾಸ ಬೀಳಬೇಕು, ಕರಗಿಹೋಗಬೇಕು, ಇಲ್ಲವೇ ಅನ್ನ ಹುಡುಕಿಕೊಂಡು ಚದುರಿಹೋಗಬೇಕು. ಕಾಲಿಗೆ ಜೋಡಿಲ್ಲದೆ, ಮೈಗೆ ಬಟ್ಟೆಯಿಲ್ಲದೆ ಕೆಲಸಕ್ಕೆ ಬಾರದವರ ಲೆಕ್ಕವನ್ನೂ ಕೊಟ್ಟ: 2898. ಹಿಂದಿನ ರಾತ್ರಿ ಆಹಾರವಿಲ್ಲದ್ದಕ್ಕೆ ಎದ್ದ ಗದ್ದಲವನ್ನು ಅಧಿಕಾರಿಗಳು ಕಷ್ಟಪಟ್ಟು ತಣಿಸಿದ್ದರು. ಸೈನಿಕರು ತಿನ್ನುತ್ತಿದ್ದದ್ದು ಹಿಟ್ಟಿಗೆ ನೀರು ಕಲಸಿ ಬೆಂಕಿಯ ಮೇಲೆ ಸುಟ್ಟ ಬಿಲ್ಲೆ. ಆ ಶಿಬಿರ ಮುಗಿಯುವ ಹೊತ್ತಿಗೆ ಸುಮಾರು ಎರಡು ಸಾವಿರ ಜನ ಸತ್ತಿದ್ದರು. ಹೆಚ್ಚಿನವರನ್ನು ಕೊಂದದ್ದು ಚಳಿಯಲ್ಲ, ಟೈಫಸ್, ಟೈಫಾಯಿಡ್, ರಕ್ತಭೇದಿಯಂಥ ರೋಗಗಳು. ಅದೂ ಹಿಮ ಕರಗಿ ಬಿಸಿಲು ಬಂದ ಮೇಲಿನ ತಿಂಗಳುಗಳಲ್ಲಿ.

ವಿಚಿತ್ರವೆಂದರೆ ಆ ಪ್ರಾಂತ್ಯ ಬಡವಾಗಿರಲಿಲ್ಲ. ಒಳ್ಳೆಯ ಬೆಳೆ ಬೆಳೆಯುವ ಸೀಮೆ ಅದು. ಆದರೆ ಹತ್ತಿರದ ಫಿಲಡೆಲ್ಫಿಯಾದಲ್ಲಿ ಬ್ರಿಟಿಷರು ಕುಳಿತಿದ್ದರು, ಅವರು ಚಿನ್ನ ಬೆಳ್ಳಿ ಎಣಿಸಿ ಕೊಡುತ್ತಿದ್ದರು. ವಾಷಿಂಗ್ಟನ್‌ನ ಬಳಿ ಇದ್ದದ್ದು ಕಾಂಗ್ರೆಸ್ ಅಚ್ಚುಹಾಕಿದ ಕಾಗದ. ರೈತ ಯಾವುದನ್ನು ಆರಿಸಿಕೊಂಡಾನು? ಅದಕ್ಕಿಂತ ದೊಡ್ಡ ಕಾರಣ ಆಡಳಿತದ್ದು. ಆಹಾರ ಇಲಾಖೆಯ ಮುಖ್ಯಸ್ಥ ಜೋಸೆಫ್ ಟ್ರಂಬುಲ್ ಕಾಂಗ್ರೆಸ್ಸಿನ ಹೊಸ ನಿಯಮಗಳಿಗೆ ಬೇಸತ್ತು ಬೇಸಿಗೆಯಲ್ಲೇ ರಾಜೀನಾಮೆ ಕೊಟ್ಟಿದ್ದ. ಸಾಗಣೆ ನೋಡಿಕೊಳ್ಳಬೇಕಾದ ಥಾಮಸ್ ಮಿಫ್ಲಿನ್ ಸಹ ಹುದ್ದೆ ಬಿಟ್ಟಿದ್ದ, ಆ ಜಾಗಕ್ಕೆ ತಿಂಗಳುಗಟ್ಟಲೆ ಯಾರೂ ಬರಲಿಲ್ಲ. ಎಲ್ಲೋ ಹಿಟ್ಟು ಇತ್ತು, ಎಲ್ಲೋ ಬಟ್ಟೆ ಇತ್ತು, ಹೊತ್ತು ತರುವ ಗಾಡಿ ಮಾತ್ರ ಇರಲಿಲ್ಲ. ಗಾಡಿ ಸಿಕ್ಕರೆ ಕುದುರೆ ಮೇವಿಲ್ಲದೆ ಸತ್ತಿರುತ್ತಿತ್ತು. ನೂರಾರು ಕುದುರೆಗಳು ಆ ಚಳಿಗಾಲದಲ್ಲಿ ಹಾಗೆ ಸತ್ತವು. 1778ರ ಮಾರ್ಚ್‌ನಲ್ಲಿ ನಥಾನಿಯಲ್ ಗ್ರೀನ್ ಮನಸ್ಸಿಲ್ಲದ ಮನಸ್ಸಿನಿಂದ ಸಾಗಣೆಯ ಹೊಣೆ ಹೊತ್ತ. ಯುದ್ಧ ಮಾಡಬೇಕಾದವನು ಗಾಡಿ ಎಣಿಸುತ್ತ ಕೂರಬೇಕಾಯಿತಲ್ಲ ಎಂಬ ಸಂಕಟ ಅವನಿಗಿತ್ತು. ಆದರೆ ಪರಿಸ್ಥಿತಿ ಸುಧಾರಿಸಿದ್ದು ಅವನಿಂದ, ಏಪ್ರಿಲ್‌ನಲ್ಲಿ ಆಹಾರ ಇಲಾಖೆಗೆ ಬಂದ ಜೆರೆಮಾಯ ವಾಡ್ಸ್‌ವರ್ತ್‌ನಿಂದ. ಸೈನಿಕರ ಅಸಮಾಧಾನದ ಬಗ್ಗೆ ಬರೆಯುವವರು ಸೇನಾಪತಿಯ ಭಾಷಣಗಳಿಗೆ ಕೊಡುವ ಜಾಗದಲ್ಲಿ ಅರ್ಧವನ್ನಾದರೂ ಇಂಥ ಗುಮಾಸ್ತರ ಕೆಲಸಕ್ಕೆ ಕೊಡಬೇಕು ಎಂಬುದು ನನ್ನ ಹಳೆಯ ತಕರಾರು.

ವಾಷಿಂಗ್ಟನ್ ತನ್ನ ಕೈಯಲ್ಲಿದ್ದಷ್ಟನ್ನು ಮಾಡಿದ. ಹದಿನಾರು ಅಡಿ ಉದ್ದ, ಹದಿನಾಲ್ಕು ಅಡಿ ಅಗಲದ ದಿಮ್ಮಿಯ ಗುಡಿಸಲು, ಒಂದಕ್ಕೆ ಹನ್ನೆರಡು ಜನ. ಪ್ರತಿ ರೆಜಿಮೆಂಟಿನಲ್ಲಿ ಬೇಗ ಮತ್ತು ಚೆನ್ನಾಗಿ ಕಟ್ಟಿದ ತಂಡಕ್ಕೆ 12 ಡಾಲರ್ ಬಹುಮಾನ. ಚಳಿಯಲ್ಲಿ ನಡುಗುವವನ ಕೈಗೆ ಕೊಡಲಿ ಕೊಟ್ಟು ಪೈಪೋಟಿಗೆ ಬಿಡುವುದು ಸಣ್ಣ ಉಪಾಯದಂತೆ ಕಾಣಬಹುದು, ಆದರೆ ಕೈಗೆ ಕೆಲಸವಿಲ್ಲದ ಹಸಿವು ಕೆಲಸವಿರುವ ಹಸಿವಿಗಿಂತ ಅಪಾಯಕಾರಿ. ಫೆಬ್ರವರಿಯಲ್ಲಿ ಬಂದ ಪ್ರಷ್ಯನ್ ಅಧಿಕಾರಿ ಸ್ಟ್ಯೂಬೆನ್ ಕವಾಯತು ಕಲಿಸಿದ ಕಥೆ ನಿಮಗೆ ಗೊತ್ತಿರಬೇಕು. ಕಡಿಮೆ ಜನ ಗಮನಿಸುವ ಭಾಗ ಇನ್ನೊಂದಿದೆ. ಮರುವರ್ಷ ಅವನು ಸೈನ್ಯಕ್ಕೆ ಬರೆದುಕೊಟ್ಟ ನಿಯಮಾವಳಿಯಲ್ಲಿ ಕ್ಯಾಪ್ಟನ್ ಆದವನ ಮೊದಲ ಗುರಿ ತನ್ನ ಸೈನಿಕರ ಪ್ರೀತಿ ಗಳಿಸುವುದು ಎಂದಿದೆ: ಪ್ರತಿಯೊಬ್ಬನ ಹೆಸರು, ಸ್ವಭಾವ ಗೊತ್ತಿರಬೇಕು, ಅವರ ದೂರು ಕೇಳಬೇಕು, ಕಾಯಿಲೆ ಬಿದ್ದವರನ್ನು ಆಗಾಗ ಹೋಗಿ ನೋಡಬೇಕು. ಯುರೋಪಿನಲ್ಲಿ ಹೀಗೆ ಮಾಡು ಎಂದರೆ ಸಿಪಾಯಿ ಮಾಡುತ್ತಾನೆ, ಇಲ್ಲಿಯವನಿಗೆ ಯಾಕೆ ಮಾಡಬೇಕು ಎಂದು ಮೊದಲು ಹೇಳಬೇಕು ಎಂದು ಅವನೇ ಗೆಳೆಯನಿಗೆ ಬರೆದಿದ್ದ. ಯಾಕೆ ಎಂದು ಕೇಳುವ ಸೈನಿಕ ಒಂದಲ್ಲ ಒಂದು ದಿನ ಸಂಬಳದ ಬಗ್ಗೆಯೂ ಯಾಕೆ ಎಂದು ಕೇಳುತ್ತಾನೆ.

ವ್ಯಾಲಿ ಫೋರ್ಜ್ ಹೆಸರು ಮಾಡಿತು, ಆದರೆ ಚಳಿಯ ಲೆಕ್ಕದಲ್ಲಿ ಅದಕ್ಕಿಂತ ಘೋರವಾದದ್ದು ನ್ಯೂಜೆರ್ಸಿಯ ಮಾರಿಸ್‌ಟೌನ್‌ನಲ್ಲಿ ಕಳೆದ 1779–80ರ ಚಳಿಗಾಲ. ಆ ಚಳಿಗಾಲದಲ್ಲಿ ನ್ಯೂಯಾರ್ಕ್ ಬಂದರು ಹೆಪ್ಪುಗಟ್ಟಿತ್ತು. ಕನೆಕ್ಟಿಕಟ್‌ನ ಸಾಮಾನ್ಯ ಸೈನಿಕ ಜೋಸೆಫ್ ಪ್ಲಂಬ್ ಮಾರ್ಟಿನ್ ಮುದುಕನಾದ ಮೇಲೆ ಬರೆದ ನೆನಪುಗಳಲ್ಲಿ ಮರದ ತೊಗಟೆ ಜಗಿದದ್ದನ್ನು, ಕೆಲವರು ಹಳೆಯ ಜೋಡು ಸುಟ್ಟು ತಿಂದದ್ದನ್ನು ಹೇಳುತ್ತಾನೆ. ಆ ಜನವರಿಯಲ್ಲಿ ವಾಷಿಂಗ್ಟನ್ ನ್ಯೂಜೆರ್ಸಿಯ ಕೌಂಟಿಗಳಿಗೆ, ಅಂದರೆ ಜಿಲ್ಲೆಗಳಿಗೆ, ಇಂತಿಷ್ಟು ದನ, ಇಂತಿಷ್ಟು ಧಾನ್ಯ ಎಂದು ಪಾಲು ಹಾಕಿ, ಅಧಿಕಾರಿಗಳನ್ನು ನ್ಯಾಯಾಧೀಶರ ಬಳಿ ಕಳುಹಿಸಿದ: ಒಪ್ಪಿಕೊಂಡು ಕೊಟ್ಟರೆ ರಸೀದಿ, ಇಲ್ಲದಿದ್ದರೆ ಬಲವಂತದ ವಸೂಲಿ. ಕೌಂಟಿಗಳು ಕೊಟ್ಟವು, ಸೈನ್ಯ ಬದುಕಿತು. ಊರವರನ್ನು ಲೂಟಿ ಮಾಡುವುದಕ್ಕೂ ಪಾಲು ಹಾಕಿ ಕೇಳುವುದಕ್ಕೂ ಇರುವ ಅಂತರವನ್ನು ಅವನು ಎಂದೂ ಮರೆಯಲಿಲ್ಲ. ಜನರ ಹೆಸರಿನಲ್ಲಿ ಯುದ್ಧಕ್ಕಿಳಿದ ಸೈನ್ಯ ಜನರ ಕಣಜಕ್ಕೆ ಕನ್ನ ಹಾಕಿದರೆ ಯುದ್ಧ ಅಲ್ಲಿಗೆ ಮುಗಿದಂತೆ.

ಮೇ 25ರ ಸಂಜೆ ಅಲ್ಲಿ ನಡೆದದ್ದನ್ನು ಮಾರ್ಟಿನ್ ಕಣ್ಣಾರೆ ಕಂಡು ಬರೆದಿದ್ದಾನೆ. ಎಷ್ಟೋ ದಿನಗಳಿಂದ ಹೊಟ್ಟೆಗೆ ಸರಿಯಾಗಿ ಬಿದ್ದಿಲ್ಲ, ಐದು ತಿಂಗಳ ಸಂಬಳ ಬಾಕಿ. ದಿನವಿಡೀ ಗೊಣಗಾಟ. ಸಂಜೆಯ ಹಾಜರಿಯಲ್ಲಿ ಒಬ್ಬ ಸೈನಿಕ ಎದುರುಮಾತಾಡಿದ, ಅಧಿಕಾರಿ ಅವನನ್ನು ದಂಗೆಕೋರ ಎಂದು ಬೈದು ಹೊರಟ. ಸೈನಿಕ ಬಂದೂಕಿನ ಹಿಡಿಯನ್ನು ನೆಲಕ್ಕೆ ಕುಟ್ಟಿ, ನನ್ನ ಜೊತೆ ಸಾಲು ನಿಲ್ಲುವವರು ಯಾರು ಎಂದು ಕೂಗಿದ. ಇಡೀ ರೆಜಿಮೆಂಟು ಸಾಲು ನಿಂತಿತು. ನಗಾರಿ ಬಾರಿಸುತ್ತ ಪಕ್ಕದ ರೆಜಿಮೆಂಟುಗಳನ್ನು ಎಬ್ಬಿಸಲು ಹೊರಟರು. ತಡೆಯಲು ಬಂದ ಕರ್ನಲ್ ಮೆಗ್ಸ್‌ಗೆ ಕತ್ತಲಲ್ಲಿ ಬಯೊನೆಟ್ (ಬಂದೂಕಿನ ತುದಿಯ ಚೂರಿ) ತಾಗಿ ಗಾಯವಾಯಿತು; ಸೈನಿಕರ ಮೇಲೆ ಕಾಳಜಿಯಿದ್ದ ಅಧಿಕಾರಿ ಎಂದು ಹೆಸರಾಗಿದ್ದವನು ಅವನು. ಇವರನ್ನು ಸುತ್ತುವರಿಯಲು ಪೆನ್ಸಿಲ್ವೇನಿಯಾ ಪಡೆಯನ್ನು ಕರೆತಂದರು. ಏನು ಗಲಾಟೆ ಎಂದು ಆ ಸೈನಿಕರು ಕೇಳಿದರು; ಗೊತ್ತಾದಾಗ, ನಾವೂ ಇವರ ಜೊತೆ ಸೇರೋಣ ಎಂದರು. ಅವರ ಅಧಿಕಾರಿಗಳು ಬೆಚ್ಚಿಬಿದ್ದು ಅವರನ್ನು ಸರಸರನೆ ಬಿಡಾರಕ್ಕೆ ಓಡಿಸಿದರು.

ಆಮೇಲೆ ಬಂದವನು ಪೆನ್ಸಿಲ್ವೇನಿಯಾದ ಕರ್ನಲ್ ವಾಲ್ಟರ್ ಸ್ಟುವರ್ಟ್. ಬೆದರಿಕೆ ಹಾಕದೆ, ನಿಮ್ಮ ಅಧಿಕಾರಿಗಳಿಗೆ ಯಾಕೆ ಹೇಳಲಿಲ್ಲ ಎಂದು ಕೇಳಿದ. ಹೇಳಿ ಹೇಳಿ ಸಾಕಾಯಿತು ಎಂದರು. ಅಧಿಕಾರಿಗಳದ್ದೂ ಇದೇ ಪಾಡು, ಮೊನ್ನೆ ಯಾರೋ ಒಂದು ಹಕ್ಕಿ ಮಾರಲು ತಂದಾಗ ಕೊಳ್ಳಲು ನನ್ನ ಬಳಿ ಆರು ಪೆನ್ಸ್ ಇರಲಿಲ್ಲ ಎಂದ. ಈ ಮಾತಿಗೆ ಸೈನಿಕರ ಕಣ್ಣಲ್ಲಿ ನೀರು ಬಂತು ಎಂದು ಊಹಿಸಿಕೊಳ್ಳಬೇಡಿ. ಮಾರ್ಟಿನ್ ಅಷ್ಟು ಸುಲಭಕ್ಕೆ ಕರಗುವವನಲ್ಲ. ಆದರೆ ಅವರು ರಾತ್ರಿಯಿಡೀ ಗೊಣಗುತ್ತ ಬಿಡಾರಕ್ಕೆ ಮರಳಿದರು. ಅವನ ಲೆಕ್ಕಾಚಾರ ಮಾತ್ರ ಖಡಕ್: ನಮ್ಮ ಗಲಾಟೆಯಿಂದ ಒಳ್ಳೆಯದೇ ಆಯಿತು, ಕೂಡಲೇ ಆಹಾರ ಬಂತು. ಮೇಲಿನವರು ಎಷ್ಟೇ ಪ್ರಾಮಾಣಿಕರಾಗಿದ್ದರೂ ಕೆಳಗಿನವರಿಗೆ ಆ ದಿನ ಸಿಕ್ಕ ಪಾಠ ಇದು: ಅರ್ಜಿಗೆ ಬಾರದ ಹಿಟ್ಟು ನಗಾರಿಗೆ ಬರುತ್ತದೆ.

ಮರುದಿನ ಅದೇ ಮಾರಿಸ್‌ಟೌನ್‌ನಲ್ಲಿ ಬೇರೆ ಬೇರೆ ಅಪರಾಧಗಳಿಗೆ ಮರಣದಂಡನೆಯಾಗಿದ್ದ ಹನ್ನೊಂದು ಜನರನ್ನು ವಧಾಸ್ಥಾನಕ್ಕೆ ತಂದರು. ಹತ್ತು ಜನರಿಗೆ ಕೊನೆಯ ಗಳಿಗೆಯಲ್ಲಿ ಕ್ಷಮೆ ಓದಿ ಹೇಳಿದರು. ಒಬ್ಬನನ್ನು ಮಾತ್ರ ಗಲ್ಲಿಗೇರಿಸಿದರು: ಸೈನ್ಯದಿಂದ ಬಿಡುಗಡೆಯಾಯಿತೆಂಬ ನೂರಕ್ಕೂ ಹೆಚ್ಚು ಸುಳ್ಳು ಪತ್ರ ಬರೆದುಕೊಟ್ಟವನನ್ನು. ಬಿಡುಗಡೆಯ ಕಾಗದ ಆ ಸೈನ್ಯದಲ್ಲಿ ಎಷ್ಟು ಬೆಲೆಬಾಳುತ್ತಿತ್ತು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಆ ಕಾಗದದ ಮಾತಿಗೆ ಬರುವ ಮೊದಲು ಹಣದ ಮಾತು ಮುಗಿಸಬೇಕು. ಸಾಮಾನ್ಯ ಸೈನಿಕನ ಸಂಬಳ ತಿಂಗಳಿಗೆ 6⅔ ಡಾಲರ್. ಒಂದು ಗಾಡಿ ತುಂಬ ಹಣ ಒಯ್ದರೂ ಒಂದು ಗಾಡಿ ಆಹಾರ ಸಿಗುವುದಿಲ್ಲ ಎಂದು ವಾಷಿಂಗ್ಟನ್ 1779ರಲ್ಲೇ ಬರೆದಿದ್ದ. 1780ರ ಮಾರ್ಚ್‌ನಲ್ಲಿ ಕಾಂಗ್ರೆಸ್ ತಾನೇ ತನ್ನ ನಲವತ್ತು ಕಾಗದದ ಡಾಲರನ್ನು ಒಂದು ಬೆಳ್ಳಿ ಡಾಲರಿಗೆ ಸಮ ಎಂದು ಒಪ್ಪಿಕೊಂಡಿತು. ಲೆಕ್ಕ ಹಾಕಿ: ತಿಂಗಳ ಸಂಬಳ ಒಂದು ಡಾಲರಿನ ಆರನೇ ಒಂದು ಭಾಗಕ್ಕೆ ಇಳಿಯಿತು. ಅದೂ ಕೈಗೆ ಬಂದರೆ.

ಅದೇ ಬೇಸಿಗೆಯಲ್ಲಿ ಫಿಲಡೆಲ್ಫಿಯಾದಲ್ಲಿ ಎಸ್ತರ್ ರೀಡ್ ಮುಂದಾಳತ್ವದಲ್ಲಿ ಹೆಂಗಸರು ಮನೆಮನೆ ಸುತ್ತಿ ಸೈನಿಕರಿಗಾಗಿ ಚಂದಾ ಎತ್ತಿದರು. ಕಾಗದದ ಹಣದಲ್ಲಿ ಮೂರು ಲಕ್ಷ ಡಾಲರಿಗೂ ಹೆಚ್ಚು ಸೇರಿತು. ಅದನ್ನು ನಾಣ್ಯಕ್ಕೆ ಬದಲಾಯಿಸಿ ಪ್ರತಿ ಸೈನಿಕನ ಕೈಗೆ ಎರಡು ಡಾಲರ್ ಇಡಬೇಕು ಎಂಬುದು ಎಸ್ತರ್ ಆಸೆ: ಸರ್ಕಾರ ಹೇಗೂ ಕೊಡಬೇಕಾದ ಬಟ್ಟೆಗೆ ನಮ್ಮ ಕಾಣಿಕೆ ಕರಗಿಹೋಗುವುದು ಬೇಡ. ವಾಷಿಂಗ್ಟನ್ ಒಪ್ಪಲಿಲ್ಲ, ಅಂಗಿ ಹೊಲಿಸಿಕೊಡಿ ಎಂದ. ಅವನ ಕಾರಣಗಳಲ್ಲಿ ಒಂದು ನೇರವಾಗಿ ನಮ್ಮ ವಿಷಯಕ್ಕೆ ಸೇರಿದ್ದು: ಗಟ್ಟಿ ಹಣದ ರುಚಿ ಒಮ್ಮೆ ಸಿಕ್ಕರೆ ಕಾಗದದ ಸಂಬಳದ ಬಗ್ಗೆ ಅಸಮಾಧಾನ ಹೆಚ್ಚುತ್ತದೆ. ಸೈನಿಕರಿಗೆ ಒಳಿತಾಗುವ ಕಾಣಿಕೆಯೇ ಸೈನ್ಯಕ್ಕೆ ಅಪಾಯವಾಗಬಹುದಾದ ಪರಿಸ್ಥಿತಿ! ಎಸ್ತರ್ ಸೆಪ್ಟೆಂಬರಿನಲ್ಲಿ ತೀರಿಕೊಂಡಳು. ಬೆಂಜಮಿನ್ ಫ್ರಾಂಕ್ಲಿನ್ ಮಗಳು ಸಾರಾ ಬಾಶ್ ಮತ್ತು ಜೊತೆಗಾರ್ತಿಯರು ಕೆಲಸ ಮುಗಿಸಿದರು. ಎರಡು ಸಾವಿರಕ್ಕೂ ಹೆಚ್ಚು ಅಂಗಿಗಳು, ಒಂದೊಂದರ ಮೇಲೂ ಹೊಲಿದವಳ ಹೆಸರು. ಡಿಸೆಂಬರ್ ಕೊನೆಗೆ ಅವು ಸಿದ್ಧವಾಗಿದ್ದವು. ಇನ್ನು ಕೆಲವೇ ದಿನಗಳಲ್ಲಿ ಎಸ್ತರಳ ಗಂಡ ಜೋಸೆಫ್ ರೀಡ್ ದಂಗೆಕೋರರ ಎದುರು ಕೂರಬೇಕಾಗಿತ್ತು.

1781ರ ಜನವರಿ 1, ರಾತ್ರಿ. ಮಾರಿಸ್‌ಟೌನ್ ಬಳಿಯ ಬಿಡಾರದಲ್ಲಿದ್ದ ಪೆನ್ಸಿಲ್ವೇನಿಯಾ ಸೈನಿಕರಲ್ಲಿ ಬಹಳ ಜನ 1777ರಲ್ಲಿ ಇಪ್ಪತ್ತು ಡಾಲರ್ ಇನಾಮು ಪಡೆದು ಸೇರಿದವರು. ಅವರ ಕರಾರಿನ ಕಾಗದದಲ್ಲಿ ‘ಮೂರು ವರ್ಷ ಅಥವಾ ಯುದ್ಧ ಮುಗಿಯುವವರೆಗೆ’ ಎಂದಿತ್ತು. ‘ಅಥವಾ’ ಎಂಬ ಒಂದು ಪದ. ಯಾವುದು ಮೊದಲೋ ಅದು, ಮೂರು ವರ್ಷ ಮುಗಿದರೆ ನಾನು ಸ್ವತಂತ್ರ ಎಂದು ಸೈನಿಕ ಓದಿಕೊಂಡ. ಯಾವುದು ಹೆಚ್ಚೋ ಅದು, ಯುದ್ಧ ಇರುವವರೆಗೂ ನೀನು ಇರಬೇಕು ಎಂದು ಅಧಿಕಾರಿ ಓದಿಕೊಂಡ. ಮೂರು ವರ್ಷ ಕಳೆದು ಇನ್ನೊಂದು ವರ್ಷವೂ ಹೋಯಿತು. ಸಂಬಳ ಒಂದು ವರ್ಷದಿಂದ ಸರಿಯಾಗಿ ಬಂದಿಲ್ಲ. ಹೊಸದಾಗಿ ಸೇರುವವರಿಗೆ ಮಾತ್ರ ಗಟ್ಟಿ ನಾಣ್ಯದ ಇನಾಮು ಕಣ್ಣೆದುರೇ ಸಿಗುತ್ತಿದೆ. ಹಸಿವು, ಚಳಿ ಎಲ್ಲವೂ ಹಿಂದಿನ ವರ್ಷಗಳಲ್ಲೂ ಇದ್ದವು. ಈ ವರ್ಷದ ಹೊಸ ಸಂಗತಿ ಈ ಹೋಲಿಕೆ.

ಸುಮಾರು ಒಂದೂವರೆ ಸಾವಿರ ಜನ ಫಿರಂಗಿಗಳನ್ನು ವಶಪಡಿಸಿಕೊಂಡು ಹೊರಟರು. ತಡೆಯಲು ಹೋದ ಕ್ಯಾಪ್ಟನ್ ಆಡಮ್ ಬೆಟಿನ್ ಗುಂಡಿಗೆ ಬಲಿಯಾದ. ಸೇನಾನಿ ಆಂಟನಿ ವೇಯ್ನ್ ಬೇಡಿದ, ಬೈದ, ಪಿಸ್ತೂಲು ಎತ್ತಿದ. ಅವನ ಎದೆಗೆ ಬಯೊನೆಟ್ ಹಿಡಿದು, ನಿಮ್ಮನ್ನು ಗೌರವಿಸುತ್ತೇವೆ, ಆದರೆ ಗುಂಡು ಹಾರಿಸಿದರೆ ಉಳಿಯುವುದಿಲ್ಲ ಎಂದರು. ಅವನು ಮಾಡಿದ ಬುದ್ಧಿವಂತಿಕೆ ಎಂದರೆ ಅವರನ್ನು ಬಿಟ್ಟು ಓಡದೆ ಅವರ ಜೊತೆಯೇ ನಡೆದದ್ದು. ಜೊತೆಗೆ ಇಬ್ಬರು ಕರ್ನಲ್‌ಗಳು: ರಿಚರ್ಡ್ ಬಟ್ಲರ್ ಮತ್ತು ಹಕ್ಕಿ ಕೊಳ್ಳಲು ಆರು ಪೆನ್ಸ್ ಇಲ್ಲದಿದ್ದ ಅದೇ ವಾಲ್ಟರ್ ಸ್ಟುವರ್ಟ್. ದಂಗೆಕೋರರು ಪ್ರಿನ್ಸ್‌ಟನ್ನಿನಲ್ಲಿ ಬೀಡುಬಿಟ್ಟು, ಸಾರ್ಜೆಂಟುಗಳ ಸಮಿತಿ ಮಾಡಿಕೊಂಡು, ಕಾವಲು ಹಾಕಿಕೊಂಡು, ಅಧಿಕಾರಿಗಳ ಕಾಲದಲ್ಲಿದ್ದ ಶಿಸ್ತಿಗೆ ಕಡಿಮೆಯಿಲ್ಲದಂತೆ ಇದ್ದರು.

ವಾಷಿಂಗ್ಟನ್ ಹಡ್ಸನ್ ನದಿಯ ಬಳಿ ನ್ಯೂ ವಿಂಡ್ಸರಿನಲ್ಲಿದ್ದ. ಸುದ್ದಿ ತಿಳಿದ ಕೂಡಲೇ ಹೊರಡಬೇಕೆಂದುಕೊಂಡ, ಹೊರಡಲಿಲ್ಲ. ತಾನು ಬೆನ್ನು ತಿರುಗಿಸಿದರೆ ಇಲ್ಲಿನವರೂ ಎದ್ದಾರು ಎಂಬ ಭಯ. ವೇಯ್ನ್‌ಗೆ ಅವನು ಬರೆದದ್ದು ಇಷ್ಟು: ಬಲಪ್ರಯೋಗ ಬೇಡ, ಅವರ ಮುಖ್ಯ ದೂರುಗಳೇನು ಎಂದು ತಿಳಿದುಕೋ, ಕಾಂಗ್ರೆಸ್ಸಿಗೂ ರಾಜ್ಯಕ್ಕೂ ಪ್ರಾಮಾಣಿಕವಾಗಿ ಮುಟ್ಟಿಸುತ್ತೇನೆ ಎಂದು ಮಾತು ಕೊಡು. ಇದನ್ನು ಕರುಣೆ ಎಂದು ಓದುವುದು ಅವಸರದ ಕೆಲಸ. ಒಂದೂವರೆ ಸಾವಿರ ಜನರನ್ನು ಬಲದಿಂದ ತಡೆಯಲು ನಂಬಿಕಸ್ಥ ಪಡೆ ಬೇಕು. ಹಿಂದಿನ ಮೇ ತಿಂಗಳಲ್ಲಿ ಸುತ್ತುವರಿಯಲು ಬಂದವರೇ ಸೇರಿಕೊಳ್ಳಲು ಹೊರಟದ್ದು ಯಾರಿಗೂ ಮರೆತಿರಲಿಲ್ಲ. ಅದಕ್ಕಿಂತ ಮುಖ್ಯವಾಗಿ, ‘ಅಥವಾ’ ಪದದ ವಿಷಯದಲ್ಲಿ ಸೈನಿಕನ ಓದು ತಪ್ಪು ಎಂದು ಎದೆ ಮುಟ್ಟಿ ಹೇಳಬಲ್ಲವರು ಮೇಲೆಯೂ ಹೆಚ್ಚು ಜನ ಇರಲಿಲ್ಲ.

ಮಾತುಕತೆಗೆ ಬಂದವನು ಪೆನ್ಸಿಲ್ವೇನಿಯಾದ ಆಡಳಿತ ಮಂಡಳಿಯ ಅಧ್ಯಕ್ಷ ಜೋಸೆಫ್ ರೀಡ್. ಅಷ್ಟರಲ್ಲಿ ಬ್ರಿಟಿಷ್ ಸೇನಾಪತಿ ಕ್ಲಿಂಟನ್ ದೂತರನ್ನು ಕಳುಹಿಸಿದ್ದ: ನಮ್ಮ ಕಡೆ ಬನ್ನಿ, ಬಾಕಿ ಸಂಬಳವನ್ನು ಗಟ್ಟಿ ನಾಣ್ಯದಲ್ಲಿ ಕೊಡುತ್ತೇವೆ, ಯುದ್ಧ ಮಾಡಬೇಕೆಂಬ ಒತ್ತಾಯವಿಲ್ಲ. ಸಾರ್ಜೆಂಟುಗಳು ಆ ದೂತ ಜಾನ್ ಮೇಸನ್‌ನನ್ನೂ ದಾರಿ ತೋರಿಸಲು ಬಂದವನನ್ನೂ ಹಿಡಿದು ಒಪ್ಪಿಸಿದರು. ಜನವರಿ 11ರಂದು ಇಬ್ಬರನ್ನೂ ಗಲ್ಲಿಗೇರಿಸಲಾಯಿತು. ರೀಡ್ ಚಿನ್ನದ ನಾಣ್ಯಗಳ ಬಹುಮಾನ ಕೊಡಲು ಬಂದಾಗ, ನಾವು ಇದನ್ನು ಬಹುಮಾನಕ್ಕಾಗಿ ಮಾಡಲಿಲ್ಲ ಎಂದು ಸಮಿತಿ ನಿರಾಕರಿಸಿತು. ವರ್ಷದಿಂದ ಸಂಬಳ ಕಾಣದವರು! ನಿಮ್ಮ ‘ದೇಶಪ್ರೇಮವೋ’ ಎಂಬ ಪ್ರಶ್ನೆಗೆ ಉತ್ತರ ಬೇಕಿದ್ದರೆ ಇಲ್ಲಿದೆ. ದೇಶಪ್ರೇಮವೂ ಸಂಬಳದ ಜಗಳವೂ ಒಂದೇ ಮನುಷ್ಯನೊಳಗೆ ಒಂದೇ ವಾರದಲ್ಲಿ ಯಾವ ತಕರಾರೂ ಇಲ್ಲದೆ ಇದ್ದವು.

ರೀಡ್ ಒಪ್ಪಿಕೊಂಡದ್ದು: ಇಪ್ಪತ್ತು ಡಾಲರ್ ಇನಾಮಿಗೆ ಸೇರಿ ಮೂರು ವರ್ಷ ಮುಗಿಸಿದವರಿಗೆ ಬಿಡುಗಡೆ, ಬಾಕಿ ಸಂಬಳಕ್ಕೆ ಸಾಲಪತ್ರ, ಒಂದಿಷ್ಟು ಬಟ್ಟೆ, ದಂಗೆಗೆ ಕ್ಷಮೆ. ಕರಾರಿನ ಕಾಗದ ಕೈಗೆ ಸಿಗದಿದ್ದರೆ ಸೈನಿಕನ ಪ್ರಮಾಣವೇ ಸಾಕು. ಸುಮಾರು 1300 ಜನ ಹೀಗೆ ಬಿಡುಗಡೆ ಪಡೆದರು. ಆಮೇಲೆ ಕಾಗದಗಳು ಬಂದಾಗ ಅವರಲ್ಲಿ ಬಹಳ ಜನ ಸುಳ್ಳು ಪ್ರಮಾಣ ಮಾಡಿದ್ದು ಬಯಲಾಯಿತು. ಆಡಳಿತ ತನ್ನ ದಾಖಲೆಯನ್ನು ಕೈಯಳತೆಯಲ್ಲಿ ಇಟ್ಟುಕೊಳ್ಳದಿದ್ದರೆ ಪ್ರಾಮಾಣಿಕನಿಗೂ ಮೋಸಗಾರನಿಗೂ ಒಂದೇ ಬಾಗಿಲು ತೆರೆಯಬೇಕಾಗುತ್ತದೆ. ಮನೆಗೆ ಹೋದವರಲ್ಲಿ ಅನೇಕರು ಕೆಲವು ತಿಂಗಳಲ್ಲಿ ಹೊಸ ಇನಾಮು ಪಡೆದು ಮತ್ತೆ ಸೇರಿದರು ಎಂಬುದೂ ನಿಜ.

ಈಗ ನ್ಯೂಜೆರ್ಸಿ. ಜನವರಿ 20ರಂದು ಪಾಂಪ್ಟನ್‌ನಲ್ಲಿ ಸುಮಾರು ಇನ್ನೂರು ಜನ ಹೊರಟರು. ಪಕ್ಕದವರಿಗೆ ಸಿಕ್ಕದ್ದು ನಮಗೂ ಬೇಕು ಎಂಬ ಮಾತು. ನೀವು ಕಾರಣ ಅಂಥದೇ ಎಂದಿದ್ದೀರಿ, ಅದು ಸರಿ. ಆದರೆ ಸಂದರ್ಭ ಬೇರೆ. ಇವರ ದೂರು ಕೇಳಲು ರಾಜ್ಯ ಆಗಲೇ ಸಮಿತಿ ನೇಮಿಸಿತ್ತು, ಸ್ವಲ್ಪ ಹಣವೂ ಬಂದಿತ್ತು. ಕರ್ನಲ್ ಡೇಟನ್ ಕರ್ತವ್ಯಕ್ಕೆ ಮರಳುವ ಷರತ್ತಿನ ಮೇಲೆ ಕ್ಷಮೆ ಕೊಟ್ಟ, ಅವರು ಬಿಡಾರಕ್ಕೆ ಮರಳಿಯೂ ಅಧಿಕಾರಿಗಳ ಮಾತು ಕೇಳಲಿಲ್ಲ. ಸಂಖ್ಯೆಯೂ ಸಣ್ಣದು. ವಾಷಿಂಗ್ಟನ್ ವೆಸ್ಟ್ ಪಾಯಿಂಟ್‌ನಿಂದ ರಾಬರ್ಟ್ ಹೋ ಕೈಕೆಳಗೆ ಐದಾರು ನೂರು ಜನರನ್ನು ಕಳುಹಿಸಿದ: ಬಂದೂಕು ಕೈಯಲ್ಲಿರುವವರೆಗೆ ಯಾವ ಷರತ್ತೂ ಇಲ್ಲ, ಶರಣಾದ ಕೂಡಲೇ ಮುಂದಾಳುಗಳಲ್ಲಿ ಕೆಲವರನ್ನು ಕೊಲ್ಲು.

ಎರಡು ಅಡಿ ಹಿಮದಲ್ಲಿ ನಡೆದು ಬಂದ ಈ ಪಡೆ ಜನವರಿ 27ರ ಬೆಳಗಿನ ಜಾವ ಗುಡಿಸಲುಗಳನ್ನು ಸುತ್ತುವರಿಯಿತು. ನಮ್ಮವರು ಆಜ್ಞೆ ಪಾಲಿಸುತ್ತಾರೆಯೇ ಎಂಬ ಅನುಮಾನ ಅಧಿಕಾರಿಗಳಿಗೆ ಕೊನೆಯ ಗಳಿಗೆಯವರೆಗೂ ಇತ್ತು. ಪಾಲಿಸಿದರು. ಐದು ನಿಮಿಷದೊಳಗೆ ಆಯುಧವಿಲ್ಲದೆ ಹೊರಗೆ ಬನ್ನಿ ಎಂದು ಹೇಳಿಕಳುಹಿಸಿದರು. ಬಂದರು. ಮೂರು ರೆಜಿಮೆಂಟಿನಿಂದ ಒಬ್ಬೊಬ್ಬನಂತೆ ಮೂವರನ್ನು ಆರಿಸಿ, ಹಿಮದ ಮೇಲೆ ನಿಂತೇ ವಿಚಾರಣೆ ಮಾಡಿ ಶಿಕ್ಷೆ ಹೇಳಿದರು. ಗುಂಡು ಹಾರಿಸಲು ಆರಿಸಿದ್ದು ದಂಗೆಯಲ್ಲಿ ಅವರ ನಂತರದ ಸಾಲಿನಲ್ಲಿದ್ದ ಹನ್ನೆರಡು ಜನರನ್ನು. ಬಂದೂಕು ತುಂಬಿ ಎಂದಾಗ ಅವರು ಅತ್ತರು ಎಂದು ಅಲ್ಲಿದ್ದ ಸೇನಾ ವೈದ್ಯ ಜೇಮ್ಸ್ ಥ್ಯಾಚರ್ ಬರೆದಿದ್ದಾನೆ. ಡೇವಿಡ್ ಗಿಲ್ಮೋರ್, ಜಾನ್ ಟಟಲ್ ಸತ್ತರು. ಮೂರನೆಯವನಿಗೆ ಅಧಿಕಾರಿಗಳ ಶಿಫಾರಸಿನ ಮೇಲೆ ಜೀವದಾನವಾಯಿತು.

ಇದು ನ್ಯಾಯವೇ ಎಂದು ನೀವು ಕೇಳುತ್ತೀರಿ. ಗಿಲ್ಮೋರ್ ಮತ್ತು ಟಟಲ್ ಮಟ್ಟಿಗೆ ಅಲ್ಲ ಎಂದೇ ನಾನು ಹೇಳುತ್ತೇನೆ. ಪೆನ್ಸಿಲ್ವೇನಿಯಾದವರ ಗಲಭೆಯಲ್ಲಿ ಒಬ್ಬ ಕ್ಯಾಪ್ಟನ್ ಸತ್ತಿದ್ದ, ಯಾರಿಗೂ ಶಿಕ್ಷೆಯಾಗಲಿಲ್ಲ. ಇಲ್ಲಿ ಕೊಲೆಯೇ ನಡೆದಿರಲಿಲ್ಲ. ಇಬ್ಬರು ಸತ್ತದ್ದು ತಮ್ಮ ತಪ್ಪಿಗಷ್ಟೇ ಅಲ್ಲ, ಮೂರು ವಾರದ ಹಿಂದೆ ಬೇರೆಯವರು ಗೆದ್ದದ್ದಕ್ಕೂ. ಆದರೆ ಅದೇ ದಿನ ವಾಷಿಂಗ್ಟನ್ ಮಾಡಿದ ಇನ್ನೊಂದು ಕೆಲಸವನ್ನು ಸೇರಿಸಿ ನೋಡಬೇಕು. ನ್ಯೂಜೆರ್ಸಿ ಸೈನಿಕರ ದೂರು ಆಲಿಸುವ ಸಮಿತಿಗೆ ಅವನು ಕಾಗದ ಬರೆದ: ಶಿಕ್ಷೆಯಾಯಿತು, ಇನ್ನು ಅವರ ನಿಜವಾದ ಕುಂದುಕೊರತೆಗಳನ್ನು ಸರಿಪಡಿಸುವುದು ನಮ್ಮ ಕರ್ತವ್ಯ. ಪೆನ್ಸಿಲ್ವೇನಿಯಾ ದಂಗೆಯ ವಾರದಲ್ಲೇ ಉತ್ತರದ ರಾಜ್ಯಗಳಿಗೆ ಹೆನ್ರಿ ನಾಕ್ಸ್‌ನನ್ನು ಅಟ್ಟಿ, ಮೂರು ತಿಂಗಳ ಸಂಬಳವನ್ನು ಬೆಲೆಯಿರುವ ಹಣದಲ್ಲಿ ಕೊಡಿ, ಬಟ್ಟೆ ಕೊಡಿ ಎಂದು ಕೇಳಿಸಿದ್ದ. ದೂರನ್ನು ಒಪ್ಪಿಕೊಳ್ಳುವುದು ಒಂದು, ಬಂದೂಕು ತೋರಿಸಿ ಕೇಳುವುದನ್ನು ಒಪ್ಪದಿರುವುದು ಇನ್ನೊಂದು. ಎರಡನ್ನೂ ಬೇರೆ ಬೇರೆ ಕೈಯಲ್ಲಿ ಹಿಡಿಯಲು ಅವನು ಹೆಣಗಿದ. ಬರೀ ಮೊದಲನೆಯದು ಇದ್ದಿದ್ದರೆ ಫೆಬ್ರವರಿಯಲ್ಲಿ ಮೂರನೆಯ ದಂಗೆ ಖಂಡಿತ. ಬರೀ ಎರಡನೆಯದಿದ್ದರೆ ಗುಂಡು ಹಾರಿಸಲು ಕರೆತಂದವರೇ ಬಂದೂಕು ತಿರುಗಿಸುತ್ತಿದ್ದರು.

ಭಯದ ಪಾಲನ್ನು ಮುಚ್ಚಿಡುವುದೂ ಬೇಡ. ಛಡಿ ಏಟಿನ ಮಿತಿ ಮೊದಲು 39 ಇತ್ತು, 1776ರಲ್ಲಿ 100ಕ್ಕೆ ಏರಿತು. ವಾಷಿಂಗ್ಟನ್ 500 ಬೇಕೆಂದು ಕೇಳಿದ, ಕಾಂಗ್ರೆಸ್ ಒಪ್ಪಲಿಲ್ಲ. ಇದನ್ನು ಓದಿದ ಮೇಲೆ ಅವನನ್ನು ಮೃದು ಹೃದಯದ ತಂದೆಯಂತೆ ಚಿತ್ರಿಸುವುದು ಕಷ್ಟ.

ಇಂಥ ಬಿಕ್ಕಟ್ಟು ಆ ಸೈನ್ಯಕ್ಕೆ ಮಾತ್ರ ಬಂದದ್ದಲ್ಲ. 1647ರಲ್ಲಿ ಇಂಗ್ಲೆಂಡಿನ ರಾಜನನ್ನು ಸೋಲಿಸಿದ ಪಾರ್ಲಿಮೆಂಟಿನ ಸೈನ್ಯಕ್ಕೆ ಕಾಲಾಳುಗಳಿಗೆ 18 ವಾರ, ಕುದುರೆ ಸವಾರರಿಗೆ 43 ವಾರ ಸಂಬಳ ಬಾಕಿಯಿತ್ತು. ಆರು ವಾರದ್ದು ಕೊಡುತ್ತೇವೆ, ಮನೆಗೆ ಹೋಗಿ ಎಂದಿತು ಪಾರ್ಲಿಮೆಂಟ್. ಸೈನಿಕರು ಪ್ರತಿನಿಧಿಗಳನ್ನು ಆರಿಸಿಕೊಂಡರು. ಶರತ್ಕಾಲದ ಹೊತ್ತಿಗೆ ಲಂಡನ್ ಬಳಿಯ ಪಟ್ನಿಯ ಚರ್ಚಿನಲ್ಲಿ ಮತದಾನದ ಹಕ್ಕು ಯಾರಿಗಿರಬೇಕು ಎಂದು ಸೇನಾನಾಯಕರ ಜೊತೆ ವಾದಿಸುತ್ತಿದ್ದರು. ಸಂಬಳದ ಬಾಕಿ ಸಂವಿಧಾನದ ಪ್ರಶ್ನೆಯಾಗಲು ಆರು ತಿಂಗಳು ಸಾಕಾಯಿತು. ಅಮೆರಿಕದ ಸಾರ್ಜೆಂಟುಗಳು ಅಷ್ಟು ದೂರ ಹೋಗಲಿಲ್ಲ. ಅವರ ಸಮಿತಿ ತನ್ನ ಕೆಲಸ ಮುಗಿದ ದಿನ ಕರಗಿಹೋಯಿತು. ರೀಡ್ ಮೊದಲ ವಾರದಲ್ಲೇ ಬಂದು ಕೂತದ್ದು ಇದಕ್ಕೆ ದೊಡ್ಡ ಕಾರಣ ಎಂಬುದು ನನ್ನ ಅನಿಸಿಕೆ.

1781ರ ಸೆಪ್ಟೆಂಬರಿನಲ್ಲಿ ಸೈನ್ಯ ಯಾರ್ಕ್‌ಟೌನ್ ಕಡೆಗೆ ಹೋಗುವಾಗ ದಕ್ಷಿಣಕ್ಕೆ ಇನ್ನು ಮುಂದೆ ಹೋಗುವುದಿಲ್ಲ ಎಂಬ ಗುಸುಗುಸು ಉತ್ತರದ ಸೈನಿಕರಲ್ಲಿ ಎದ್ದಿತ್ತು. ಹಣಕಾಸಿನ ಮುಖ್ಯಸ್ಥ ರಾಬರ್ಟ್ ಮಾರಿಸ್ ಫ್ರೆಂಚ್ ಸೇನಾಪತಿ ರೋಶಾಂಬೋನಿಂದ ಇಪ್ಪತ್ತು ಸಾವಿರ ಡಾಲರಿನಷ್ಟು ಬೆಳ್ಳಿ ಸಾಲ ತಂದು ಒಂದು ತಿಂಗಳ ಸಂಬಳ ಹಂಚಿಸಿದ. 1776ರ ನಂತರ ಸಂಬಳ ಎಂದು ಕೈಗೆ ಬಂದ ನಿಜವಾದ ಹಣ ಅದೊಂದೇ ಎಂದು ಮಾರ್ಟಿನ್ ಬರೆಯುತ್ತಾನೆ. ಗುಸುಗುಸು ನಿಂತಿತು. ಆರು ವಾರದಲ್ಲಿ ಯಾರ್ಕ್‌ಟೌನ್‌ನಲ್ಲಿದ್ದ ಬ್ರಿಟಿಷ್ ಸೇನಾನಿ ಕಾರ್ನ್‌ವಾಲಿಸ್ ಶರಣಾದ.

1783ರ ಮಾರ್ಚ್‌ನಲ್ಲಿ ನ್ಯೂಬರ್ಗ್‌ನಲ್ಲಿ ಅಸಮಾಧಾನಗೊಂಡ ಅಧಿಕಾರಿಗಳೆದುರು ವಾಷಿಂಗ್ಟನ್ ಕನ್ನಡಕ ಹಾಕಿಕೊಂಡು, ನಿಮ್ಮ ಸೇವೆಯಲ್ಲಿ ಕೂದಲು ನರೆಯಿತು, ಈಗ ಕಣ್ಣೂ ಮಂಜಾಗುತ್ತಿದೆ ಎಂದ ಪ್ರಸಂಗವನ್ನು ಎಲ್ಲರೂ ಹೇಳುತ್ತಾರೆ, ನಾನು ಬಿಡುತ್ತೇನೆ. ಅದರ ಫಲ ಮಾತ್ರ ಗಮನಿಸಿ: ಒಂದು ವಾರದಲ್ಲಿ ಕಾಂಗ್ರೆಸ್ ಅಧಿಕಾರಿಗಳಿಗೆ ಐದು ವರ್ಷದ ಪೂರ್ಣ ಸಂಬಳ ಮಂಜೂರು ಮಾಡಿತು. ಸಾಮಾನ್ಯ ಸೈನಿಕರನ್ನು ಜೂನ್‌ನಲ್ಲಿ ಮೂರು ತಿಂಗಳ ಸಂಬಳದ ಬಾಬ್ತು ಸಾಲಪತ್ರ ಕೊಟ್ಟು ರಜೆಯ ಹೆಸರಿನಲ್ಲಿ ಮನೆಗೆ ಕಳುಹಿಸಿದರು. ಆ ತಿಂಗಳು 21ರಂದು ನೂರಾರು ಸೈನಿಕರು ಫಿಲಡೆಲ್ಫಿಯಾದಲ್ಲಿ ಕಾಂಗ್ರೆಸ್ ಕುಳಿತಿದ್ದ ಕಟ್ಟಡವನ್ನೇ ಸುತ್ತುವರಿದರು. ಕಾಂಗ್ರೆಸ್ ಪ್ರಿನ್ಸ್‌ಟನ್ನಿಗೆ ಸ್ಥಳಾಂತರವಾಯಿತು. ಅಂದರೆ ಎರಡು ವರ್ಷದ ಹಿಂದೆ ಸಾರ್ಜೆಂಟುಗಳ ಸಮಿತಿ ಕುಳಿತಿದ್ದ ಊರಿಗೇ.

ಮಾರ್ಟಿನ್ ತನ್ನ ಸಾಲಪತ್ರಗಳಲ್ಲಿ ಕೆಲವನ್ನು ಮೈಮುಚ್ಚುವ ಬಟ್ಟೆಗಾಗಿ ಮಾರಿಕೊಂಡ. ಬಡ ಯೋಧರಿಗೆ ಪಿಂಚಣಿ ಕೊಡುವ ಕಾನೂನು ಬಂದದ್ದು 1818ರಲ್ಲಿ. ಅವನು ಅರ್ಜಿ ಹಾಕಿದಾಗ ತೋರಿಸಿದ ಒಟ್ಟು ಆಸ್ತಿ 52 ಡಾಲರ್. ವರ್ಷಕ್ಕೆ 96 ಡಾಲರ್ ಮಂಜೂರಾಯಿತು, ತಿಂಗಳಿಗೆ ಎಂಟರಂತೆ. ಸೈನ್ಯದಲ್ಲಿದ್ದಾಗ ಅವನಿಗೆ ಬರಬೇಕಾಗಿದ್ದ ಸಂಬಳಕ್ಕಿಂತ ಅದು 1⅓ ಡಾಲರಿನಷ್ಟು ಹೆಚ್ಚು, ಮತ್ತು ಈ ಸಲ ಹಣ ಕೈಗೆ ಬಂತು.